"ಹೂಂ" ಎಂಬ ಉತ್ತರವನ್ನು ಒಪ್ಪದೆ ಕೆಲಸ ನಡೆಸಿದ ನನ್ನ ಅನುಭವ

ಬಳ್ಳಾರಿಯ ಕೌಲ್ ಬಜಾರ್ ಕಡೆ ಇಪ್ಪತ್ತೆರಡು ಮೆಷಿನ್‌ಗಳ ಜೀನ್ಸ್ ಹೊಲಿಗೆ ಘಟಕವೊಂದನ್ನು ನಾನು ಹನ್ನೊಂದು ವರ್ಷಗಳಿಂದ ನಡೆಸುತ್ತಿದ್ದೇನೆ. ಕೆಲಸವನ್ನು ಕೇಳಿಸಿಕೊಂಡವರು ಅದನ್ನು ತಮ್ಮ ಬಾಯಿಂದ ಮರಳಿ ಹೇಳುವವರೆಗೂ ಕಟಿಂಗ್ ಮೆಷಿನ್ ಚಾಲೂ ಆಗಬಾರದು ಎಂಬ ನಿಯಮವನ್ನು ಎರಡು ವರ್ಷಗಳ ಹಿಂದೆ ತಂದಾಗ, ಪಾಲುದಾರನಾದ ನಮ್ಮ ದೊಡ್ಡಪ್ಪನ ಮಗ "ಇದೇನು ಸಾಲಿ ಏನೋ ತಮ್ಮ?" ಎಂದು ಕೇಳಿದ. ಅಕ್ಕಪಕ್ಕದ ಘಟಕದವರು ಇದು ಒಂದು ತಿಂಗಳೂ ನಡೆಯದು ಎಂದರು. ಹಾಗೆಂದವರಲ್ಲಿ ಇಬ್ಬರು ಈ ವರ್ಷ ಬೆಳಿಗ್ಗೆ ಒಂಬತ್ತಕ್ಕೇ ಬಂದು ನಿಂತು ನೋಡಿಕೊಂಡು ಹೋಗಿದ್ದಾರೆ.

ಇದಕ್ಕೆಲ್ಲ ಕಾರಣವಾದದ್ದು ಒಂದೇ ಒಂದು ಮಾತು. ಹೊಸ ಡೆನಿಮ್ ಬಂದಿತ್ತು. ವಾಶ್ ಆದ ಮೇಲೆ ಉದ್ದದಲ್ಲಿ ಶೇಕಡಾ ಮೂರರಷ್ಟು ಕುಗ್ಗುವ ಬಟ್ಟೆ. ಫೋನಿನಲ್ಲಿ ಕಟಿಂಗ್ ಮಾಸ್ಟರ್‌ಗೆ "ಉದ್ದಕ್ಕೆ ಮೂರು ಬಿಟ್ಟು ಕಟ್ ಮಾಡಿ" ಎಂದೆ. ಅವರು "ಹೂಂ ಅಣ್ಣಾ" ಎಂದರು. ನಾನು ಹೇಳಿದ್ದು ಶೇಕಡಾ ಮೂರರಷ್ಟು ಹೆಚ್ಚು ಬಟ್ಟೆ ಬಿಡಿ ಎಂದು. ಹಿಂದಿನ ಲಾಟ್‌ನ ಪ್ಯಾಟರ್ನ್‌ನಲ್ಲಿ ಮೂರು ಮೊದಲೇ ಸೇರಿದ್ದರಿಂದ, ಅದನ್ನು ಕೈಬಿಡಬೇಕೆಂದು ಅವರು ತಿಳಿದರು. "ಬಿಟ್ಟು" ಎಂಬುದಕ್ಕೆ ಎರಡು ಅರ್ಥಗಳೂ ಇರುವುದರಿಂದ ತಪ್ಪು ಅವರದೆಂದು ನಾನು ಹೇಳಲಾರೆ. ನಲವತ್ತೆರಡು ಇಂಚಿನ ಪ್ಯಾಂಟು ವಾಶಿಂಗ್‌ನಿಂದ ಒಂದೂಕಾಲು ಇಂಚು ಗಿಡ್ಡವಾಗಿ ಬಂತು. ಸುಮಾರು ನಾನೂರ ಇಪ್ಪತ್ತು ಪೀಸ್. ಮುನ್ನೂರ ಹತ್ತು ರೂಪಾಯಿ ಬಿದ್ದ ಮಾಲನ್ನು ನೂರ ತೊಂಬತ್ತಕ್ಕೆ ಕೊಟ್ಟೆ. ಐವತ್ತು ಸಾವಿರದ ಮೇಲೆ ಹೋಯಿತು, ಆರ್ಡರ್ ಕೊಟ್ಟ ಪಾರ್ಟಿಯೂ ಕೈತಪ್ಪಿತು.

ಆಮೇಲೆ ಮಾಡಿದ ಪ್ರಯತ್ನಗಳಲ್ಲಿ ಮೊದಲ ಮೂರು ಕೆಟ್ಟವು. ವಾಟ್ಸಾಪ್ ಗುಂಪಿನಲ್ಲಿ ಧ್ವನಿ ಸಂದೇಶ ಹಾಕಿದರೆ ಮೆಷಿನ್‌ಗಳ ಸದ್ದಿನಲ್ಲಿ ಯಾರೂ ಪೂರ್ತಿ ಕೇಳಲಿಲ್ಲ. ಆರ್ಡರ್ ಚೀಟಿಯನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿದರೆ, ಟೈಲರ್‌ಗಳಲ್ಲಿ ಅರ್ಧದಷ್ಟು ಜನರಿಗೆ ಓದಲು ಬರುತ್ತಿದ್ದುದು ತೆಲುಗು ಇಲ್ಲವೇ ಉರ್ದು. ಮೂರನೆಯದಾಗಿ ಬೆಂಗಳೂರಿನಲ್ಲಿ ಎರಡು ದಿನದ ತರಬೇತಿಗೆ ಹೋದೆ. ಊಟ, ರೂಮು ಸೇರಿ ಹದಿನಾಲ್ಕು ಸಾವಿರ ಖರ್ಚಾಯಿತು. ತಪ್ಪು ಹೇಳುವ ಮುಂಚೆ ಹೊಗಳಬೇಕೆಂದು ಅಲ್ಲಿ ಕಲಿಸಿದರು. ಎರಡೇ ವಾರದಲ್ಲಿ ನಾನು "ಚೆನ್ನಾಗಿ ಹೊಲಿದಿದ್ದೀರಿ" ಎಂದರೆ ಸಾಕು, ಹುಡುಗರು ಆಲ್ಟರ್ (ತಪ್ಪಾದದ್ದನ್ನು ಬಿಚ್ಚಿ ಮತ್ತೆ ಹೊಲಿಯುವ ಕೆಲಸ) ಬಂತೆಂದು ಬಂಡಲ್ ಬಿಚ್ಚತೊಡಗಿದರು.

ಆ ತರಬೇತಿಯಿಂದ ಉಪಯೋಗಕ್ಕೆ ಬಂದದ್ದು ಒಂದೇ ಅಭ್ಯಾಸ: ನಮ್ಮ ಮಾತನ್ನು ನಾವೇ ರೆಕಾರ್ಡ್ ಮಾಡಿ ಕೇಳುವುದು. ಎಲ್ಲರಿಗೂ ತಿಳಿಸಿ, ಒಂದು ಬೆಳಿಗ್ಗೆ ಮೊಬೈಲನ್ನು ಟೇಬಲ್ ಮೇಲಿಟ್ಟು ಹದಿನಾಲ್ಕು ನಿಮಿಷ ರೆಕಾರ್ಡ್ ಮಾಡಿದೆ. ಅದರಲ್ಲಿ ಹನ್ನೊಂದು ನಿಮಿಷ ನನ್ನದೇ ಧ್ವನಿ. "ಪಾಕೆಟ್ ಯಾವುದು?" ಎಂದು ಕೇಳುತ್ತೇನೆ, ಉತ್ತರ ಬರುವ ಮುಂಚೆ ನಾನೇ ಹೇಳುತ್ತೇನೆ, ಕೊನೆಗೆ "ತಿಳೀತಲ್ಲ?" ಎನ್ನುತ್ತೇನೆ. ಇಂಥ ಪ್ರಶ್ನೆಗೆ "ಹೂಂ" ಬಿಟ್ಟು ಬೇರೆ ಉತ್ತರ ಬರಲು ಸಾಧ್ಯವೇ ಇರಲಿಲ್ಲ.

ಮರಳಿ ಹೇಳಿಸುವ ವಿಚಾರ ಬಂದದ್ದು ಕ್ರೇನ್ ಓಡಿಸುವ ನನ್ನ ಭಾವಮೈದುನನಿಂದ. ಕೆಳಗಿನವರು ವಾಕಿಟಾಕಿಯಲ್ಲಿ ಹೇಳಿದ್ದನ್ನು ಮೇಲಿನವನು ಹಾಗೆಯೇ ತಿರುಗಿ ಹೇಳದೆ ಕೊಂಡಿ ಅಲುಗಿಸುವುದಿಲ್ಲವಂತೆ. ವಿಮಾನ ಚಾಲಕರ ಪದ್ಧತಿಯೂ ಇದೇ. 1977ರ ಮಾರ್ಚ್ 27ರಂದು ಸ್ಪೇನಿನ ದ್ವೀಪವಾದ ಟೆನೆರಿಫ್‌ನ ರನ್‌ವೇಯಲ್ಲಿ ಎರಡು ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಅಲ್ಲಿಯೂ ಚಾಲಕರ ಅಸ್ಪಷ್ಟ ಮಾತಿಗೆ ನಿಯಂತ್ರಣ ಗೋಪುರದಿಂದ ಮೊದಲು ಬಂದ ಉತ್ತರ "ಓಕೆ" ಎಂಬುದಾಗಿತ್ತು. ಇದನ್ನು ಓದಿದ ದಿನ ನಮ್ಮ "ಹೂಂ" ನೆನಪಾಗಿ ನನಗೆ ನಿದ್ದೆ ಬರಲಿಲ್ಲ.

ಆದರೂ ಶುರುಮಾಡಿದ ರೀತಿ ತಪ್ಪಾಯಿತು. "ನಾನು ಏನು ಹೇಳಿದೆ, ಹೇಳಿ ನೋಡೋಣ" ಎಂದು ಇಪ್ಪತ್ತೈದು ವರ್ಷ ಕತ್ತರಿ ಹಿಡಿದ ಮಾಸ್ಟರನ್ನು ಹುಡುಗರ ಮುಂದೆ ಕೇಳಿದೆ. ಅವರು ಇಂಚ್ ಟೇಪನ್ನು ಕೊರಳಿಂದ ತೆಗೆದು, ಸುತ್ತಿ, ಟೇಬಲ್ ಮೇಲಿಟ್ಟು ಹೊರಟರು. ನಾಲ್ಕು ದಿನ ಬರಲಿಲ್ಲ. ನಾನೇ ಅವರ ಮನೆಗೆ ಹೋಗಿ ಕರೆತಂದೆ. ಆ ಮೇಲೆ ಎರಡು ಬದಲಾವಣೆ ಮಾಡಿದೆ. ಪಾರ್ಟಿಯ ಆರ್ಡರನ್ನು ಎಲ್ಲರ ಎದುರಿಗೆ ಸ್ಪೀಕರ್‌ನಲ್ಲಿ ಹಾಕಿ, ಸೈಜು, ವಾಶು, ಬಾಟಮ್ (ಕಾಲಿನ ಕೆಳಬಾಯಿಯ ಅಳತೆ) ಎಲ್ಲವನ್ನೂ ಮೊದಲು ನಾನೇ ಮರಳಿ ಹೇಳತೊಡಗಿದೆ. ಮಾಸ್ಟರನ್ನು "ಏನು ಹೇಳಿದೆ?" ಎಂದು ಕೇಳುವುದನ್ನು ಬಿಟ್ಟು, "ಮೊದಲ ಲೇ ಹೆಂಗ ಹಾಕ್ತೀರಿ, ಮಾಸ್ಟರ್?" ಎಂದು, ಅಂದರೆ ಕತ್ತರಿಸುವ ಬಟ್ಟೆಯ ಪದರಗಳನ್ನು ಹೇಗೆ ಹಾಸುತ್ತೀರಿ ಎಂದು, ಕೇಳಿದೆ. ಇದು ಪರೀಕ್ಷೆಯಲ್ಲ, ಅವರ ಅನುಭವವನ್ನು ಕೇಳುವ ಪ್ರಶ್ನೆ. ತಿಳಿದದ್ದು ಏನೆಂಬುದು ಉತ್ತರದಲ್ಲಿ ತಾನಾಗಿಯೇ ಬರುತ್ತದೆ.

ಟೈಲರ್‌ಗಳ ತಕರಾರು ಬೇರೆಯಿತ್ತು. ಪೀಸ್ ಲೆಕ್ಕದ ಕೂಲಿಯಲ್ಲಿ ದಿನಾ ಬೆಳಿಗ್ಗೆ ಹತ್ತು ನಿಮಿಷ ಮಾತಿಗೆ ನಿಂತರೆ ಅವರಿಗೆ ನಷ್ಟ, ಅದು ನ್ಯಾಯವಾದ ಮಾತು. ಆ ಹತ್ತು ನಿಮಿಷಕ್ಕೆ ತಲೆಗೆ ಇಪ್ಪತ್ತು ರೂಪಾಯಿ ಕೊಟ್ಟೆ. ತಿಂಗಳಿಗೆ ಹನ್ನೊಂದು ಸಾವಿರದ ಚಿಲ್ಲರೆ. ಮಾತಾಡಲಿಕ್ಕೂ ಪಗಾರ ಕೊಡುವವನೆಂದು ಪೇಟೆಯಲ್ಲಿ ಹೆಸರಾಯಿತು. ಮೊದಲು ನೂರಕ್ಕೆ ಒಂಬತ್ತು ಹತ್ತು ಪೀಸ್ ಆಲ್ಟರ್‌ಗೆ ಬರುತ್ತಿದ್ದವು, ಈಗ ಎರಡೋ ಮೂರೋ. ತಿಂಗಳಿಗೆ ನಾಲ್ಕು ಸಾವಿರ ಪೀಸ್ ತೆಗೆಯುವ ಘಟಕಕ್ಕೆ ಆಲ್ಟರ್ ಕೂಲಿಯಲ್ಲಿ ಉಳಿದದ್ದು ಐದು ಸಾವಿರವೇ ಸರಿ. ನಿಜವಾದ ಲಾಭವೆಂದರೆ ಈ ಎರಡು ವರ್ಷಗಳಲ್ಲಿ ಇಡೀ ಲಾಟ್ ಒಂದೂ ಕೆಡಲಿಲ್ಲ.

ನಡುವೆ ಭಾಷೆಯದೂ ಒಂದು ಪ್ರಯೋಗ ಮಾಡಿದೆ. 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿ ರಾಯದುರ್ಗ ಆಂಧ್ರದಲ್ಲಿ ಉಳಿಯಿತು, ಆದರೆ ಅಲ್ಲಿಂದ ಬರುವ ಟೈಲರ್‌ಗಳು ಇಂದಿಗೂ ನಮ್ಮಲ್ಲಿದ್ದಾರೆ. ಎಲ್ಲರೂ ಕನ್ನಡದಲ್ಲೇ ಮರಳಿ ಹೇಳಬೇಕೆಂದಾಗ ಅವರು ನನ್ನ ಶಬ್ದಗಳನ್ನೇ ಗಿಳಿಯಂತೆ ಒಪ್ಪಿಸಿದರು. ತೆಲುಗಿನಲ್ಲಿ, ಉರ್ದುವಿನಲ್ಲಿ ಹೇಳಿ ಎಂದ ಮೇಲೆ ತಪ್ಪು ತಿಳಿದದ್ದು ಅಲ್ಲಿಯೇ ಸಿಕ್ಕಿಬೀಳತೊಡಗಿತು, ಏಕೆಂದರೆ ಅರ್ಥವಾಗದೆ ಭಾಷೆ ಬದಲಿಸಲು ಬರುವುದಿಲ್ಲ. ವಾಶಿಂಗ್‌ನವರಿಗೆ ಮಾತಿನ ಬದಲು ಶೇಡ್ ತುಂಡು (ಬೇಕಾದ ಬಣ್ಣದ ಮಾದರಿ ಬಟ್ಟೆ) ಕಳಿಸಿ ನೋಡಿದೆ. ಅದು ಇನ್ನೂ ಅರ್ಧ ಮಾತ್ರ ಕೈಗೂಡಿದೆ.

ಸಿಟ್ಟಿನಲ್ಲಿರುವ ಪಾರ್ಟಿಯಿಂದ ಫೋನಿನಲ್ಲಿ ಆರ್ಡರ್ ಮರಳಿ ಹೇಳಿಸುವ ಉಪಾಯವೊಂದು ನನ್ನಲ್ಲಿದೆ. ಅದನ್ನು ಕಂಡುಕೊಳ್ಳಲು ನನಗೆ ಮೂರು ಪಾರ್ಟಿಗಳು ಖರ್ಚಾಗಿರುವುದರಿಂದ ಇಲ್ಲಿ ಬರೆಯುವುದಿಲ್ಲ. ಕಳೆದ ದಸರಾ ಲಾಟ್‌ನ ದಿನ ನಾನು ಅವಸರದಲ್ಲಿ ಆರ್ಡರ್ ಹೇಳಿ ತಿರುಗಿದಾಗ, ಮಾಸ್ಟರ್ ಕಟಿಂಗ್ ಮೆಷಿನ್‌ನ ಸ್ವಿಚ್ ಮೇಲಿಂದ ಕೈ ತೆಗೆದು, "ಅಣ್ಣಾ, ಬಾಟಮ್ ಹೇಳಲಿಲ್ಲ ನೀವು" ಎಂದರು. ಪಾರ್ಟಿಗೆ ಮತ್ತೆ ಫೋನ್ ಮಾಡಿದೆವು. ಹದಿನಾಲ್ಕು ಎಂದು ನಾನು ತಿಳಿದಿದ್ದೆ, ಅವರಿಗೆ ಬೇಕಿದ್ದದ್ದು ಹದಿನೈದೂವರೆ.