ಕಾಫಿ ಬೆಳೆಗಾರರು ಕಡಲಿಗೆ ಹೋಗುವುದು ಯಾವಾಗ?

ಮೂಡಿಗೆರೆಯಿಂದ ಕಡಲು ದೂರವೇನಲ್ಲ. ಬೆಳಿಗ್ಗೆ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಘಾಟಿ ಇಳಿದರೆ ಮಧ್ಯಾಹ್ನದ ಊಟಕ್ಕೆ ಮಂಗಳೂರು ಸೇರಬಹುದು. ಆದರೆ ನಮ್ಮ ಕಡೆಯವರು ಹೋಗುವುದು ಹೆಚ್ಚಾಗಿ ಮೇ ತಿಂಗಳಲ್ಲಿ, ಮಕ್ಕಳಿಗೆ ರಜೆ ಎಂಬ ಒಂದೇ ಕಾರಣಕ್ಕೆ. ನನ್ನನ್ನು ಕೇಳಿದರೆ ಅದಕ್ಕಿಂತ ಕೆಟ್ಟ ಕಾಲ ಇನ್ನೊಂದಿಲ್ಲ. ಪತ್ರಿಕೆಯಲ್ಲಿ 34 ಡಿಗ್ರಿ ಎಂದು ಓದಿ, ಹಾಸನದಲ್ಲೂ ಅಷ್ಟೇ ಇರುತ್ತದಲ್ಲ ಎಂದುಕೊಳ್ಳಬೇಡಿ. ಕರಾವಳಿಯದು ಸೆಕೆ. ಸ್ನಾನ ಮಾಡಿ ಬಂದು ಅಂಗಿಯ ಗುಂಡಿ ಹಾಕುವಷ್ಟರಲ್ಲಿ ಬೆನ್ನು ಒದ್ದೆ. ಒಗೆದು ಹರವಿದ ಟವೆಲ್ ಮರುದಿನವೂ ಹಸಿ. ಮಧ್ಯಾಹ್ನ ಮರಳಿನ ಮೇಲೆ ಬರಿಗಾಲಿಡುವಂತೆಯೇ ಇಲ್ಲ.

ಒಳ್ಳೆಯ ಕಾಲ ಡಿಸೆಂಬರ್‌ನಿಂದ ಫೆಬ್ರುವರಿ. ಬೆಳಗಿನ ಹೊತ್ತು ಗಾಳಿ ಒಣಗಿರುತ್ತದೆ, ಅಲೆಗಳ ಅಬ್ಬರ ತಗ್ಗಿರುತ್ತದೆ, ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಓಡಾಡುತ್ತದೆ. ತೊಡಕೆಂದರೆ ನಮ್ಮ ಕೊಯ್ಲೂ ಆಗಲೇ. ಅರೇಬಿಕಾ ನವೆಂಬರ್‌ನಿಂದ ಜನವರಿ, ಅದರ ಬೆನ್ನಿಗೇ ರೋಬಸ್ಟಾ, ಜೊತೆಗೆ ಕಾಳುಮೆಣಸು. ಕಣದಲ್ಲಿ ಹರವಿದ ಕಾಫಿ ಬಿಟ್ಟು ಯಾರು ಹೋಗುತ್ತಾರೆ? ಮಾರ್ಚ್ ಬಂತೆಂದರೆ ಕಾಫಿ ಹೂ ಅರಳಿಸುವ ಹೂಮಳೆಗಾಗಿ ಆಕಾಶ ನೋಡುವ ಕೆಲಸ. ಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಪೈಪು ಹೊರುವ ಕೆಲಸ.

ಹಾಗಾಗಿ ನನ್ನ ಲೆಕ್ಕ ಹೀಗಿದೆ. ಅರೇಬಿಕಾ ಮಾತ್ರ ಇರುವವರು ಸಂಕ್ರಾಂತಿ ಕಳೆದು, ಕಾಫಿ ಒಣಗಿ ಮೂಟೆ ಸೇರಿದ ಮೇಲೆ, ಫೆಬ್ರುವರಿಯ ಮೊದಲ ಎರಡು ವಾರಗಳಲ್ಲಿ ಹೋಗಲಿ. ರೋಬಸ್ಟಾ ಇರುವವರಿಗೆ ಆ ಭಾಗ್ಯವಿಲ್ಲ. ಅವರು ಕೊಯ್ಲಿನ ಆಳುಗಳು ಬರುವ ಮುಂಚೆ, ದಸರಾ ರಜೆಯಲ್ಲೋ ದೀಪಾವಳಿ ಮುಗಿದ ಕೂಡಲೋ ಹೊರಡಬೇಕು. ಶಾಲೆ ತಪ್ಪಿಸಬಾರದು ಎನ್ನುವ ತಾಯಂದಿರಿಗೂ ದಸರಾ ರಜೆಯೇ ಸೈ. ಆಗ ಸಂಜೆ ಗುಡುಗುಮಳೆ ಬರುವುದುಂಟು. ಬೆಳಿಗ್ಗೆ ನೀರಿಗಿಳಿದು ಮಧ್ಯಾಹ್ನ ಕೋಣೆ ಸೇರಿಕೊಂಡರಾಯಿತು.

ತಿಂಗಳು ಗೊತ್ತಾದ ಮೇಲೆ ಪಂಚಾಂಗ ತೆಗೆಯಿರಿ. ಮುಹೂರ್ತಕ್ಕಲ್ಲ, ಉಬ್ಬರಕ್ಕೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೀರು ಏರುವುದೂ ಹೆಚ್ಚು, ಇಳಿಯುವುದೂ ಹೆಚ್ಚು. ಚಿಕ್ಕ ಮಕ್ಕಳಿದ್ದರೆ ಅಷ್ಟಮಿಯ ಸುತ್ತಿನ ದಿನಗಳು ವಾಸಿ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಮೊದಲ ದಿನ ದಡದ ಮೀನುಗಾರರನ್ನು ಕೇಳಿಕೊಂಡರೆ ಉಳಿದ ದಿನಗಳ ಲೆಕ್ಕ ನೀವೇ ಹಾಕಬಹುದು.

ಶನಿವಾರ, ಭಾನುವಾರ ಬೇಡ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಕೋಣೆಯ ಬಾಡಿಗೆ ಕೇಳಿದರೆ ತಲೆ ತಿರುಗುತ್ತದೆ. ಶಿವರಾತ್ರಿಗೆ ಗೋಕರ್ಣ, ಮುರುಡೇಶ್ವರ ತುಂಬಿ ತುಳುಕುತ್ತವೆ. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಉಡುಪಿಯ ಕೃಷ್ಣಮಠದಲ್ಲಿ ಪೂಜೆಯ ಸರದಿ ಬದಲಾಗುವ ಪರ್ಯಾಯ ಉತ್ಸವ. ಅದನ್ನು ನೋಡಲೆಂದೇ ಹೋಗುವುದಾದರೆ ಸರಿ, ಇಲ್ಲವಾದರೆ ಆ ವಾರ ಅತ್ತ ಸುಳಿಯಬೇಡಿ.

ಇನ್ನು ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲನ್ನು ದೂರದಿಂದ ನೋಡಬಹುದು, ನೀರಿಗಿಳಿಯುವ ಮಾತೇ ಇಲ್ಲ. ಈಜು ಬರುತ್ತದೆ ಎನ್ನುವ ಹುಡುಗರಿಗೆ ಇದನ್ನು ಎರಡು ಸಲ ಹೇಳಿ: ಹೇಮಾವತಿಯಲ್ಲಿ ಕಲಿತ ಈಜು ಅಲ್ಲಿ ಕೆಲಸಕ್ಕೆ ಬಾರದು. ಮೀನಿನ ಆಸೆಗೂ ಅದು ಕಾಲವಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಆಗ ಹೋಟೆಲಿನವರು ಅಂಜಲ್ ತಾಜಾ ಎಂದರೆ ನಕ್ಕು ಸುಮ್ಮನಾಗಿ. ಘಾಟಿಯ ರಸ್ತೆಯನ್ನೂ ನಂಬುವಂತಿಲ್ಲ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿಯಲ್ಲಿ ಗುಡ್ಡ ಕುಸಿದದ್ದು ಎಲ್ಲರಿಗೂ ನೆನಪಿದೆ. ಮಳೆಯಲ್ಲೇ ಕಡಲು ನೋಡಬೇಕೆಂಬ ಹಟವಿದ್ದರೆ ಸಕಲೇಶಪುರದಿಂದ ರೈಲು ಹತ್ತಿ. ಸುಬ್ರಹ್ಮಣ್ಯ ರೋಡ್‌ವರೆಗಿನ ಆ ಸುರಂಗಗಳು, ಜಲಪಾತಗಳೇ ಅರ್ಧ ಪ್ರವಾಸ. ಹಳಿಯ ಮೇಲೂ ಗುಡ್ಡ ಜರಿಯುವುದುಂಟು, ಆದ್ದರಿಂದ ಹೊರಡುವ ದಿನ ಬೆಳಿಗ್ಗೆ ರೈಲು ಓಡುತ್ತಿದೆಯೇ ಎಂದು ವಿಚಾರಿಸಿಕೊಂಡೇ ಮನೆ ಬಿಡಿ.