ಈ ಕಂಚಿನ ನಾಣ್ಯಕ್ಕೆ ಹುಣಸೆಹಣ್ಣು ಮುಟ್ಟಿಸಬೇಡಿ

ನಾನಿರುವುದು ಇಂಗ್ಲೆಂಡಿನ ಯಾರ್ಕ್‌ನಲ್ಲಿ. ಕ್ರಿ.ಶ. 306ರಲ್ಲಿ ಸೈನಿಕರು ಕಾನ್‌ಸ್ಟಂಟೈನ್‌ನನ್ನು ರೋಮನ್ ಚಕ್ರವರ್ತಿ ಎಂದು ಸಾರಿದ ಊರು ಇದೇ. ಅವನ ಕಾಲದ ಕಂಚಿನ ನಾಣ್ಯಗಳು ಇಲ್ಲಿ ಮಣ್ಣು ಮೆತ್ತಿಕೊಂಡೇ ಮಾರಾಟಕ್ಕೆ ಬರುತ್ತವೆ. ಎಲ್ಲಿ ಸಿಕ್ಕಿದ್ದು ಅಂತ ಬರೆದುಕೊಟ್ಟ ಒಬ್ಬರಿಂದ ಹನ್ನೆರಡು ಕೊಂಡೆ.

ಮೊದಲನೆಯದನ್ನು ಹಾಳು ಮಾಡಿದೆ. ಅಮ್ಮ ತಾಮ್ರದ ಚೊಂಬನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದುದು ನೆನಪಿತ್ತು. ಇದಕ್ಕೂ ಹಾಗೇ ಮಾಡಿದೆ. ಹಸಿರು ಪದರ ಹೋಗಿ ಕೆಂಪು ಬಿಲ್ಲೆ ಉಳಿಯಿತು. ಅಕ್ಷರವೂ ಇಲ್ಲ, ಮುಖವೂ ಇಲ್ಲ. ಇಷ್ಟು ಹಳೆಯ ನಾಣ್ಯದಲ್ಲಿ ಗೆರೆಗಳೆಲ್ಲ ಉಳಿದಿರುವುದು ಆ ಪದರದಲ್ಲೇ. ಅದು ತಿಕ್ಕಿ ತೆಗೆಯುವ ಕಿಲುಬಲ್ಲ. ಮುಟ್ಟಿದರೆ ಪುಡಿಯಾಗುವ ತಿಳಿಹಸಿರು ಚುಕ್ಕೆ ಬೇರೆ. ಅದು ಕ್ಲೋರೈಡ್‌ನಿಂದ ಬರುವ ರೋಗ. ತೇವ ಸಿಕ್ಕರೆ ಲೋಹವನ್ನೇ ತಿನ್ನುತ್ತಾ ಹೋಗುತ್ತದೆ.

ಉಳಿದವನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಹಾಕಿದೆ. ವಾರಕ್ಕೊಮ್ಮೆ ನೀರು ಬದಲಾಯಿಸಿ, ಮೆತ್ತಗಿನ ಬ್ರಷ್‌ನಲ್ಲಿ ಉಜ್ಜಿ, ಮತ್ತೆ ನೀರಿಗೆ. ಗಟ್ಟಿ ಮಣ್ಣಿಗೆ ಮರದ ಹಲ್ಲುಕಡ್ಡಿ. ಕೆಲವಕ್ಕೆ ನಾಲ್ಕು ತಿಂಗಳು ಹಿಡಿಯಿತು.

ಎಲ್ಲರೂ ಮೊದಲು ರಾಜನ ಮುಖ ನೋಡುತ್ತಾರೆ, ಅಲ್ವಾ? ನಾನು ಹಿಂಬದಿ ನೋಡುತ್ತೇನೆ. ಮುಖ ಸವೆದರೆ ಅಪ್ಪ ಯಾರು, ಮಗ ಯಾರು ಗೊತ್ತಾಗುವುದಿಲ್ಲ. ಕಾನ್‌ಸ್ಟಂಟೈನ್, ಕಾನ್‌ಸ್ಟಂಟಿಯಸ್, ಕಾನ್‌ಸ್ಟನ್ಸ್, ಹೆಸರುಗಳೂ ಒಂದೇ ಥರ. ಹಿಂಬದಿಯಲ್ಲಿ ಇಬ್ಬರು ಸೈನಿಕರು ಎದುರುಬದುರು ನಿಂತಿದ್ದರೆ, ನಡುವಿನ ಬಾವುಟದ ಕೋಲು ಎಣಿಸಿ. ಎರಡಿದ್ದರೆ 330ರಿಂದ 335ರವರೆಗಿನದು, ತೂಕ ಸುಮಾರು 2.5 ಗ್ರಾಂ. ಒಂದೇ ಇದ್ದರೆ ಅದರ ನಂತರದ್ದು, ಸುಮಾರು 1.5 ಗ್ರಾಂ. ನಾಣ್ಯ ಹಗುರ ಮಾಡಿದಾಗ ಚಿತ್ರವನ್ನೂ ಬದಲಿಸಿದರು. ಸುತ್ತಲಿನ ಬರಹ ಮಾತ್ರ ಅದೇ: 'ಗ್ಲೋರಿಯಾ ಎಕ್ಸರ್ಸಿಟಸ್', ಅಂದರೆ ಸೇನೆಯ ಕೀರ್ತಿ. ಆ ಶತಮಾನದ ಸಣ್ಣ ರೋಮನ್ ನಾಣ್ಯಗಳು ತಮಿಳುನಾಡಿನ ಕರೂರಿನಲ್ಲೂ ಶ್ರೀಲಂಕಾದಲ್ಲೂ ಸಿಕ್ಕಿವೆ. ಅವು ಇನ್ನೂ ಜಾಸ್ತಿ ಸವೆದವು.

ಸೈನಿಕರ ಕಾಲ ಕೆಳಗೆ ಟಂಕಸಾಲೆಯ ಗುರುತು ಇರುತ್ತದೆ. ನನ್ನ ಏಳನೆಯ ನಾಣ್ಯದಲ್ಲಿ ಟಿ, ಆರ್, ಎಸ್ ಎಂಬ ಮೂರು ಅಕ್ಷರ ಕಂಡಾಗ ರಾತ್ರಿ ಹನ್ನೊಂದು ಗಂಟೆ. ಟಿಆರ್ ಅಂದರೆ ಈಗ ಜರ್ಮನಿಯಲ್ಲಿರುವ ಟ್ರಿಯರ್ ಊರು. ಎಸ್ ಅಂದರೆ ಅಲ್ಲಿನ ಎರಡನೆಯ ಕಾರ್ಯಾಗಾರ. ಕೋಲು ಎರಡು. ಮುಖ ಪೂರ್ತಿ ಅಳಿಸಿಹೋಗಿದ್ದರೂ ಊರು ಸಿಕ್ಕಿತು, ಕಾರ್ಯಾಗಾರ ಸಿಕ್ಕಿತು, ಐದು ವರ್ಷದೊಳಗಿನ ಕಾಲವೂ ಸಿಕ್ಕಿತು. ಆ ಖುಷಿಗೆ ನಿದ್ದೆಯೇ ಬರಲಿಲ್ಲ.

ಇನ್ನು ನಾಲ್ಕು ನಾಣ್ಯ ನೀರಲ್ಲಿವೆ. ಒಂದರಲ್ಲಿ ಸೈನಿಕರ ನಡುವೆ ಒಂದೇ ಕೋಲು ಕಾಣತೊಡಗಿದೆ. ಕೆಳಗಿನ ಅಕ್ಷರ ಇನ್ನೂ ಮಣ್ಣಿನೊಳಗಿದೆ.