ಕೂಸಿನ ಮನೆಗೆ ಹೋಗುವಾಗ ಕೈಯಲ್ಲೇನು?

ನಾಮಕರಣದ ಕರೆ ಬಂತೆಂದರೆ ಹೆಚ್ಚಿನವರು ಕೊಂಡುತರುವುದು ಅಂಗೈಯಗಲದ ಚೆಂದದ ಅಂಗಿ. ನೋಡಲು ಮುದ್ದು, ತೊಡಿಸುವುದು ಮಾತ್ರ ಎರಡೋ ಮೂರೋ ಸಲ. ಹುಟ್ಟುವಾಗ ಮೂರು ಕೆ.ಜಿ. ಆಸುಪಾಸು ಇದ್ದ ಕೂಸು ಐದು ತಿಂಗಳಿಗೆ ಅದರ ಎರಡರಷ್ಟಾಗುತ್ತದೆ. 50 ಸೆಂ.ಮೀ. ಉದ್ದವಿದ್ದದ್ದು ವರ್ಷ ತುಂಬುವಾಗ 75ರ ಹತ್ತಿರ ಬಂದಿರುತ್ತದೆ. ಬಂದವರೆಲ್ಲ ‘0–3 ತಿಂಗಳು’ ಅಳತೆಯದನ್ನೇ ತಂದರೆ ಅರ್ಧದಷ್ಟು ಲೇಬಲ್ ಕೂಡ ಕೀಳದೆ ಬೀರುವಿನಲ್ಲಿ ಉಳಿಯುತ್ತವೆ, ಮುಂದಿನ ನಾಮಕರಣಕ್ಕೆ ಮುಯ್ಯಿಯಾಗಿ ಹೋಗುತ್ತವೆ.

ಬಟ್ಟೆಯೇ ಕೊಡುವುದಾದರೆ 6–12 ತಿಂಗಳ ಅಳತೆ ತೆಗೆದುಕೊಳ್ಳಿ. ಜೊತೆಗೆ ಆ ಹೊತ್ತಿಗೆ ಯಾವ ಕಾಲ ಬರುತ್ತದೆಂದು ಬೆರಳು ಮಡಿಸಿ ಎಣಿಸಿ. ಅಕ್ಟೋಬರಿನ ಕೂಸಿಗೆ ಆರು ತಿಂಗಳಾಗುವುದು ಏಪ್ರಿಲ್‌ನಲ್ಲಿ. ಕಲಬುರಗಿಯ ಆ ಬಿಸಿಲಿನಲ್ಲಿ ಉಣ್ಣೆ ಸ್ವೆಟರ್ ಯಾರಿಗೆ ಬೇಕು? ಡಿಸೆಂಬರಿನ ಕೂಸಿಗೆ ಜೂನ್ ಬರುತ್ತದೆ. ಮಡಿಕೇರಿ, ತೀರ್ಥಹಳ್ಳಿ ಕಡೆ ಅದು ಒಗೆದದ್ದು ಒಣಗದ ಕಾಲ. ಅಲ್ಲಿ ಒಂದು ಜಗಮಗ ಫ್ರಾಕಿಗಿಂತ ತುಂಬುತೋಳಿನ ತೆಳು ಹತ್ತಿಯಂಗಿ ನಾಲ್ಕಿದ್ದರೆ ತಾಯಿ ನಿಮ್ಮನ್ನು ನೆನೆಯುತ್ತಾಳೆ.

ಅಂಗಡಿಯಲ್ಲೇ ಅಂಗಿಯನ್ನು ಒಳಹೊರಗು ಮಾಡಿ ನೋಡಬೇಕು. ಹೊಲಿಗೆಯ ಸಡಿಲ ನೂಲು ಮೊದಲ ಶತ್ರು. ಕಾಲುಚೀಲ, ಕೈಗವಸಿನೊಳಗಿನ ಒಂದು ಎಳೆ ಬೆರಳಿಗೆ ಸುತ್ತಿಕೊಂಡರೆ ರಕ್ತ ನಿಂತು ಬೆರಳು ಊದಿಕೊಳ್ಳುತ್ತದೆ. ಕೂಸು ಸುಮ್ಮನೆ ಅಳುತ್ತಿದೆಯೆಂದು ಎಲ್ಲರೂ ಹೊಟ್ಟೆ ಸವರುತ್ತಿರುತ್ತಾರೆ. ಕುತ್ತಿಗೆಯ ಮೂಲಕ ಎಳೆದು ತೊಡಿಸುವುದಕ್ಕಿಂತ ಮುಂದೆ ಕಟ್ಟುವ ಅಥವಾ ಒತ್ತುಗುಂಡಿಯ ಅಂಗಿ ಒಳ್ಳೆಯದು, ಏಕೆಂದರೆ ಮೊದಲ ತಿಂಗಳುಗಳಲ್ಲಿ ಕತ್ತು ನಿಂತಿರುವುದಿಲ್ಲ. ಮುತ್ತು, ಮಿಣುಕು ಬಿಲ್ಲೆ, ಗಂಟುಹಾಕಿದ ರಿಬ್ಬನ್ ಎಲ್ಲ ಕಿತ್ತು ಬಾಯಿಗೆ ಹೋಗುವ ಸಾಮಾನು. ಕುಲಾವಿ ಕೊಡುವವರು ಜರಿಯಂಚು ಹಣೆಗೆ ತಾಗದಂತೆ ಒಳಗೆ ಮಲ್ ಎಂಬ ತೆಳು ಹತ್ತಿ ಬಟ್ಟೆಯ ಅಸ್ತರು ಇದೆಯೇ ಎಂದು ಬೆರಳಾಡಿಸಿ ನೋಡಿ.

ತಂದದ್ದನ್ನು ನಾಮಕರಣದವರೆಗೆ ನುಸಿಗುಳಿಗೆಯ ಜೊತೆ ಮಾತ್ರ ಇಡಬೇಡಿ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಕೂಸಿಗೆ ಆ ಗುಳಿಗೆಯ ನ್ಯಾಫ್ತಲೀನ್ ಹಬೆ ತಾಗಿದರೆ ಕೆಂಪು ರಕ್ತಕಣ ಒಡೆದು ಕಾಮಾಲೆ ಏರುತ್ತದೆ, ಆ ಕೊರತೆ ಇದೆಯೆಂದು ಮನೆಯವರಿಗೇ ಗೊತ್ತಿರುವುದಿಲ್ಲ. ಒಣ ಬೇವಿನ ಎಲೆ ಸಾಕು.

ಸಿದ್ಧ ಅಂಗಿಯೇ ಆಗಬೇಕೆಂಬ ಹಟವಿಲ್ಲದಿದ್ದರೆ ಮಲ್ ಬಟ್ಟೆಯಷ್ಟು ಕೆಲಸಕ್ಕೆ ಬರುವ ಉಡುಗೊರೆ ಇನ್ನೊಂದಿಲ್ಲ. 44 ಇಂಚು ಅಗಲದ್ದು ಆರು ಮೀಟರ್ ತಂದು, ರಾತ್ರಿ ನೀರಿನಲ್ಲಿ ನೆನೆಸಿ, ಎರಡು ಸಲ ಸಾದಾ ಸೋಪಿನಲ್ಲಿ ಒಗೆದು ಗಂಜಿ ಬಿಡಿಸಿ. ಬಟ್ಟೆ ಕುಗ್ಗುವುದು ಆಗಲೇ, ಅದಕ್ಕೇ ಕತ್ತರಿಸುವುದು ಒಗೆದ ಮೇಲೆ. ಒಂದೊಂದು ಮೀಟರಿನ ಚೌಕ ಮಾಡಿ ಅಂಚನ್ನು ಚಪ್ಪಟೆಯಾಗಿ ಮಡಿಸಿ ಹೊಲಿಸಿ. ಓವರ್‌ಲಾಕ್ ಹೊಲಿಗೆ ಎಳೆ ಬಿಡುತ್ತದೆ. ಲಂಗೋಟಿಗೆ, ಮೈ ಒರೆಸಲು, ಹಾಲು ತೇಗಿದಾಗ ಹೆಗಲ ಮೇಲೆ ಹಾಸಲು ಎಲ್ಲಕ್ಕೂ ಇದೇ. ಉತ್ತರ ಕರ್ನಾಟಕದವರು ಕೌದಿ ಹೊಲಿದು ಕೊಡುತ್ತಾರೆ. ಅದು ನೆಲಕ್ಕೆ ಹಾಸಿ ಬೋರಲು ಆಡಿಸಲು ಬಹಳ ಚೆಂದ, ಮಲಗಿದ ಕೂಸಿನ ಮುಖದ ತನಕ ಹೊದಿಸಲು ಅಲ್ಲ. ಸಾಸಿವೆ ದಿಂಬು, ಸುತ್ತ ದಿಂಡುಗಳಿರುವ ಹಾಸಿಗೆ ಸೆಟ್ ಬೇಡವೇ ಬೇಡ. ವರ್ಷದೊಳಗಿನ ಕೂಸು ಗಟ್ಟಿ ಹಾಸಿಗೆಯ ಮೇಲೆ ಬೆನ್ನು ಕೆಳಗಾಗಿ, ದಿಂಬಿಲ್ಲದೆ ಮಲಗಬೇಕು.

ಬೆಳ್ಳಿ ಕೊಡುವವರು ಕಾಲ್ಗೆಜ್ಜೆಗೆ ಮೊದಲು ಕೈಹಾಕುತ್ತಾರೆ. ಗೆಜ್ಜೆಯ ಕಾಳು ಸಣ್ಣ ಕೊಂಡಿಯಲ್ಲಿ ತೂಗುತ್ತದೆ. ಕೂಸು ಕಾಲನ್ನು ಬಾಯಿಗೆ ಎಳೆದುಕೊಳ್ಳುವ ಆರನೇ ತಿಂಗಳಿಗೆ ಅದು ಸಡಿಲವಾಗಿರುತ್ತದೆ. ಕಡಗವಾದರೆ ನಯವಾದ, ತುದಿ ಗುಂಡಗಿರುವ, ಹಿಗ್ಗಿಸಲು ಬರುವ ಜಾತಿ ನೋಡಿ. ಒಳಗೆ ಅರಗು ತುಂಬಿದ್ದನ್ನು ಬೇಡವೆನ್ನಿ, ತೂಕಕ್ಕೆ ನೀವು ಕೊಡುವುದು ಬೆಳ್ಳಿಯ ದುಡ್ಡು. ಉಡಿದಾರಕ್ಕೆ ಉದ್ದ ಹೆಚ್ಚಿಸಲು ನಾಲ್ಕೈದು ಕೊಂಡಿ ಬೇಕು, ಕಟ್ಟಿದಾಗ ಎರಡು ಬೆರಳು ಸಲೀಸಾಗಿ ತೂರಬೇಕು. ನನ್ನ ಮಟ್ಟಿಗೆ ಬಟ್ಟಲು-ಚಮಚವೇ ಮೇಲು, ಅನ್ನಪ್ರಾಶನದಿಂದ ಮುಂದೆ ದಿನಾ ಬಳಕೆಯಾಗುತ್ತದೆ. ಬಟ್ಟಲು ಒತ್ತಿದರೆ ಬಾಗುವಷ್ಟು ತೆಳುವಾದದ್ದು ಬೇಡ. ಅಂಚು ಮಡಿಸಿರಬೇಕು, ಒಳಮೈಯಲ್ಲಿ ಕೆತ್ತನೆ ಇರಬಾರದು, ಅನ್ನ ಅದರಲ್ಲಿ ಕೂರುತ್ತದೆ. ಹಾಲ್‌ಮಾರ್ಕಿನ 925 ಎಂದರೆ ಸಾವಿರದಲ್ಲಿ 925 ಪಾಲು ಬೆಳ್ಳಿ. ಹೆಸರು ಕೊರೆಸುವ ಆತುರ ಬೇಡ. ತೊಟ್ಟಿಲಲ್ಲಿ ಕೂಗಿದ ಹೆಸರೇ ಬೇರೆ, ದಾಖಲೆಗೆ ಬರೆಸುವುದೇ ಬೇರೆ ಆಗುವುದುಂಟು.

ಆಟಿಕೆಗೆ ಚನ್ನಪಟ್ಟಣದ ಗಿಲಕಿ ಒಳ್ಳೆಯ ಆಯ್ಕೆ. ಅಸಲಿಯದು ಆಲೆ ಮರ, ಮೇಲೆ ಅರಗಿನ ಬಣ್ಣ. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿದರೆ ಬಣ್ಣ ಹತ್ತಬಾರದು, ಉಗುರಿಗೆ ಸಿಪ್ಪೆಯೇಳಬಾರದು. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ; ಇಂಥ ಜಿಐ (ಊರಿನ ಹೆಸರಿಗೆ ಸಿಗುವ ಭೌಗೋಳಿಕ ಗುರುತು) ನೋಂದಣಿಯ ಕರಕುಶಲ ವಸ್ತುಗಳಿಗೆ ವಿನಾಯಿತಿ ಇರುವುದರಿಂದ ಪರೀಕ್ಷೆ ನಿಮ್ಮ ಕೈಯಲ್ಲೇ ಆಗಬೇಕು. ಕಾಗದವನ್ನು 4 ಸೆಂ.ಮೀ. ಅಗಲದ ಕೊಳವೆಯಾಗಿ ಸುತ್ತಿ. ಅದರಲ್ಲಿ ಇಳಿಯುವ ಯಾವ ತುಂಡೂ ಬೇಡ. ಬೆಳಕು, ಹಾಡು ಬರುವವುಗಳ ಗುಂಡಿ ಬ್ಯಾಟರಿ ನುಂಗಿದರೆ ಅನ್ನನಾಳ ಸುಡುತ್ತದೆ. ಹಿಡಿಯಲು ಬರುವುದೇ ಮೂರು-ನಾಲ್ಕು ತಿಂಗಳಿಗೆ, ಅವಸರವಿಲ್ಲ. ವಾಕರ್ ಬೇಡ, ಬೇಗ ನಡೆಸುವುದಿಲ್ಲ, ಮೆಟ್ಟಿಲಿಂದ ಬೀಳಿಸುತ್ತದೆ. ಜೇನು, ಪೌಡರ್, ಕಾಡಿಗೆ, ಹಾಲಿನ ಬಾಟಲಿ ಬುಟ್ಟಿಯಿಂದ ತೆಗೆದಿಡಿ.

ದುಡ್ಡು ಕೊಡುವವರು ಚೆಕ್ಕನ್ನು ತಾಯಿಯ ಹೆಸರಿಗೆ ಬರೆಯಿರಿ, ಕೂಸಿಗೆ ಇನ್ನೂ ಖಾತೆ ಇರುವುದಿಲ್ಲ. ಹೆಣ್ಣುಕೂಸಿಗೆ ಸುಕನ್ಯಾ ಸಮೃದ್ಧಿ ಖಾತೆಯನ್ನು ತಂದೆ-ತಾಯಿ ಅಥವಾ ಕಾನೂನುಬದ್ಧ ಪೋಷಕರು ಮಾತ್ರ ತೆರೆಯಬಹುದು. ನೀವು ಮೊದಲ ಕಂತು ಕೊಡಬಹುದು, 250 ರೂಪಾಯಿಂದಲೇ ಶುರು.

ಬಾಣಂತಿಗೂ ಏನಾದರೂ ಇರಲಿ. ಮುಂದೆ ಜಿಪ್ ಇರುವ ಎರಡು ಹತ್ತಿ ನೈಟಿ, ಇಲ್ಲವೇ ಅಂಟಿನುಂಡೆ. ಉಂಡೆ ಕಟ್ಟುವ ಮೊದಲು ಅವರ ಮನೆಗೆ ಫೋನ್ ಮಾಡಿ ಪಥ್ಯ ಏನೆಂದು ಕೇಳಿ. ಗರ್ಭಿಣಿಯಾಗಿದ್ದಾಗ ಸಕ್ಕರೆ ಕಾಯಿಲೆ ಇದ್ದಿದ್ದರೆ ಬೆಲ್ಲ ಕಡಿಮೆ ಮಾಡಿ, ನಿಂಬೆ ಗಾತ್ರಕ್ಕೆ ಕಟ್ಟಿ.